ಮ್ಯಾಚ್ ಮುಗಿದರೂ ಅಮಲು ಇಳಿದಿರುವುದಿಲ್ಲ

'ಒಂದೇ ಬಿಯರ್ ಡಾಕ್ಟ್ರೇ, ಅಷ್ಟೇ.' ಐಪಿಎಲ್ ದಿನಗಳಲ್ಲಿ ರಾತ್ರಿ ಹನ್ನೆರಡರ ಮೇಲೆ ನಮ್ಮ ಎಮರ್ಜೆನ್ಸಿ ವಿಭಾಗದಲ್ಲಿ ಜಾಸ್ತಿ ಕೇಳಿಬರುವ ಮಾತಿದು. ಹೀಗೆ ಹೇಳುವವರೆಲ್ಲ ಸುಳ್ಳು ಹೇಳುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಬಹಳ ಸಲ ಕುಡಿದಿರುವುದು ಒಂದೇ. ಆದರೆ ಆ ಒಂದರಲ್ಲಿ ಎಷ್ಟಿದೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ.

650 ಎಂಎಲ್‌ನ ಸ್ಟ್ರಾಂಗ್ ಬಿಯರ್ ತೆಗೆದುಕೊಳ್ಳಿ. ಶೇಕಡ 8ರ ಲೆಕ್ಕದಲ್ಲಿ ಅದರಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತದೆ. 30 ಎಂಎಲ್‌ನ ಒಂದು ಸ್ಮಾಲ್ ವಿಸ್ಕಿಯಲ್ಲಿ ಇರುವುದು 10 ಗ್ರಾಂ. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಮುಗಿಸಿದವನು ನಾಲ್ಕು ಸ್ಮಾಲ್ ಕುಡಿದ ಹಾಗೆ. 70 ಕೆಜಿ ತೂಕದ ಗಂಡಸು ಅದನ್ನು ಬೇಗ ಖಾಲಿ ಮಾಡಿದರೆ, ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ 100 ಎಂಎಲ್‌ಗೆ 80 ಮಿಲಿಗ್ರಾಂ ಹತ್ತಿರ ಹೋಗಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಮಿತಿ 30. ಹೆಂಗಸರಿಗೆ, ತೂಕ ಕಡಿಮೆ ಇರುವವರಿಗೆ ಇದು ಇನ್ನೂ ಮೇಲೇರುತ್ತದೆ.

ಏರಿದ್ದು ಇಳಿಯಬೇಕಲ್ಲ? ಅದು ಲಿವರ್‌ನ ಕೆಲಸ, ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ ಅಷ್ಟೇ. ಕಾಫಿ, ನಿಂಬೆ ಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ಕುಡಿದರೆ ನಿದ್ದೆ ಸ್ವಲ್ಪ ಹೋಗುತ್ತದೆ, ಅಮಲು ಅಲ್ಲೇ ಇರುತ್ತದೆ.

ಈಗ ಮ್ಯಾಚ್‌ನ ಸಮಯದ ಜೊತೆ ಇಟ್ಟು ನೋಡಿ. ಏಳೂವರೆಗೆ ಶುರುವಾಗಿ ಹನ್ನೊಂದೂವರೆ ಹೊತ್ತಿಗೆ ಮುಗಿಯುತ್ತದೆ. ಅಷ್ಟರಲ್ಲಿ ಎರಡು ಸ್ಟ್ರಾಂಗ್ ಬಾಟಲಿ ಕುಡಿದವನ ರಕ್ತದಲ್ಲಿ ಗಾಡಿ ಹತ್ತುವಾಗ 100 ಮಿಲಿಗ್ರಾಂಗಿಂತ ಜಾಸ್ತಿ ಇರಬಹುದು. ಅದು 30ಕ್ಕೆ ಇಳಿಯುವಾಗ ಬೆಳಗಿನ ಜಾವ ಐದಾಗಿರುತ್ತದೆ. ಮೂರು ಕುಡಿದವನು ಮಲಗಿ, ಎದ್ದು, ಸ್ನಾನ ಮಾಡಿ, ಇಡ್ಲಿ ತಿಂದು ಎಂಟು ಗಂಟೆಗೆ ಆಫೀಸಿಗೆ ಹೊರಟಾಗಲೂ ಮಿತಿ ದಾಟಿರಬಹುದು. 'ರಾತ್ರಿ ಕುಡಿದಿದ್ದು, ಈಗ ಫ್ರೆಶ್ ಆಗಿದ್ದೀನಿ' ಅನ್ನುವವರು ಇದನ್ನು ಗಮನಿಸಬೇಕು.

ಕೊನೆಯ ಓವರ್‌ಗಳಲ್ಲಿ ಕುಡಿದದ್ದರ ಕಥೆ ಬೇರೆ. ಅದು ರಕ್ತಕ್ಕೆ ಪೂರ್ತಿ ಸೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಹೊಟ್ಟೆ ತುಂಬಾ ತಿಂದಿದ್ದರೆ ಇನ್ನೂ ತಡ. ಪಬ್‌ನಿಂದ ಹೊರಗೆ ಬಂದಾಗ 'ಏನೂ ಆಗಿಲ್ಲ' ಅನಿಸುವುದು ನಿಜವೇ ಇರಬಹುದು. ಅರ್ಧ ದಾರಿಯಲ್ಲಿ ಏರುತ್ತದೆ.

ಬೇರೆ ದಿನ ಕುಡಿಯುವುದಕ್ಕೂ ಮ್ಯಾಚ್ ನೋಡುತ್ತಾ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಕಣ್ಣು ಸ್ಕ್ರೀನ್ ಮೇಲೆ, ಕೈ ಗ್ಲಾಸ್ ಮೇಲೆ. ವಿಕೆಟ್ ಬಿತ್ತು ಅಂತ ಒಂದು, ಸಿಕ್ಸ್ ಹೋಯಿತು ಅಂತ ಇನ್ನೊಂದು. ಸುರಿಯುವವನು ಗೆಳೆಯ, ಎಣಿಸುವವರು ಯಾರೂ ಇಲ್ಲ. ಗೆದ್ದರೆ ಖುಷಿಗೆ, ಸೋತರೆ ಬೇಜಾರಿಗೆ ಒಂದು ರೌಂಡ್ ಇದ್ದೇ ಇರುತ್ತದೆ. ನಮ್ಮಲ್ಲಿ ಮಾತ್ರ ಹೀಗೆ ಅಂತಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಬೇಸ್‌ಬಾಲ್, ಫುಟ್‌ಬಾಲ್ ಪಂದ್ಯ ಮುಗಿಸಿ ಹೊರಬರುವ ಪ್ರೇಕ್ಷಕರ ಉಸಿರು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಶೇಕಡ 40ರಷ್ಟು ಜನರಲ್ಲಿ ಆಲ್ಕೋಹಾಲ್ ಇತ್ತು. ಶೇಕಡ 8ರಷ್ಟು ಜನ ಅಲ್ಲಿನ ಕಾನೂನಿನ ಮಿತಿಯನ್ನೂ ದಾಟಿದ್ದರು. ಆ ಮಿತಿಯೋ ನಮ್ಮದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ, 80.

ಮೆದುಳಿನಲ್ಲಿ ಮೊದಲು ಮಂಕಾಗುವುದು ವಿವೇಚನೆ. ಕೈಕಾಲು ತೂರಾಡುವುದು ಆಮೇಲೆ. ಅದಕ್ಕೇ ಕುಡಿದವನನ್ನು 'ಓಡಿಸ್ತೀಯಾ?' ಅಂತ ಕೇಳಿ ಪ್ರಯೋಜನವಿಲ್ಲ. ಓಡಿಸುತ್ತೇನೆ ಅಂತಲೇ ಹೇಳುತ್ತಾನೆ, ಮನಸಾರೆ ನಂಬಿಯೇ ಹೇಳುತ್ತಾನೆ. ಜೊತೆಗೆ ಪೊಲೀಸರು ಊದಿಸುತ್ತಾರೆ ಅಂತ ಮೇನ್ ರೋಡ್ ಬಿಟ್ಟು ಒಳದಾರಿ ಹಿಡಿಯುತ್ತಾರೆ. ಆ ದಾರಿಯಲ್ಲಿ ಬಣ್ಣ ಅಳಿಸಿದ ಹಂಪ್, ಅಗೆದು ಬಿಟ್ಟ ಗುಂಡಿ, ಉರಿಯದ ಬೀದಿದೀಪ, ಅಡ್ಡ ಬರುವ ನಾಯಿ. 10,000 ರೂಪಾಯಿ ದಂಡ ತಪ್ಪಿಸಲು ಹೋಗಿ ದವಡೆ ಮುರಿದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹೆಲ್ಮೆಟ್ ಪೆಟ್ರೋಲ್ ಟ್ಯಾಂಕ್ ಮೇಲೆ ಇತ್ತಂತೆ.

ಹಾಗಾದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ, ಮನೆಗೆ ಹೇಗೆ ಹೋಗುವುದು ಅಂತ ಟಾಸ್‌ಗೆ ಮೊದಲೇ ತೀರ್ಮಾನ ಆಗಿರಬೇಕು. ಜನ ಕುಡಿದು ಗಾಡಿ ಹತ್ತುವುದಕ್ಕೆ ದೊಡ್ಡ ಕಾರಣ ಧೈರ್ಯ ಅಲ್ಲ, ಗಾಡಿಯ ಚಿಂತೆ. ಬಿಟ್ಟು ಹೋದರೆ ಟೋ ಮಾಡುತ್ತಾರೆ, ಪೆಟ್ರೋಲ್ ಕದಿಯುತ್ತಾರೆ, ಬೆಳಿಗ್ಗೆ ಕೆಲಸಕ್ಕೆ ಬೇಕು. ಈ ಚಿಂತೆ ಸುಳ್ಳಲ್ಲ. ಆದ್ದರಿಂದ ಕುಡಿಯುವ ದಿನ ಗಾಡಿ ತರಲೇಬೇಡಿ. ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಿಂದ ಕಬ್ಬನ್ ಪಾರ್ಕ್, ಎಂ.ಜಿ. ರೋಡ್ ಮೆಟ್ರೊ ಸ್ಟೇಷನ್‌ಗಳಿಗೆ ನಡೆದೇ ಹೋಗಬಹುದು. ಅಲ್ಲಿ ಮ್ಯಾಚ್ ಇರುವ ರಾತ್ರಿಗಳಲ್ಲಿ ಕೊನೆಯ ರೈಲಿನ ಸಮಯವನ್ನು ಮುಂದಕ್ಕೆ ಹಾಕಿದ್ದೂ ಇದೆ. ಮೆಟ್ರೊ ಇಲ್ಲದ ಊರಲ್ಲಿ ಗೊತ್ತಿರುವ ಆಟೊದವರ ನಂಬರ್ ಇಟ್ಟುಕೊಳ್ಳಿ, ಸಂಜೆಯೇ ಹೇಳಿಡಿ. ಗೆಳೆಯನ ರೂಮಿನಲ್ಲಿ ನೋಡುವುದಾದರೆ ಅಲ್ಲೇ ಚಾಪೆ ಹಾಸಿ ಮಲಗಿ. ಕಾರಿನಲ್ಲೇ ಬರಬೇಕೆಂದಿದ್ದರೆ ಓಡಿಸುವವನು ಆ ರಾತ್ರಿ ಒಂದು ಗುಟುಕೂ ಮುಟ್ಟಬಾರದು. 'ಅವನು ಕಮ್ಮಿ ಕುಡಿದಿದ್ದಾನೆ' ಅನ್ನುವ ಆಯ್ಕೆ ಬೇಡ. ಬೈಕಿನ ಹಿಂದೆ ಕೂರುವವರೂ ಕೇಳಿ: ಓಡಿಸುವವನು ಕುಡಿದಿಲ್ಲದಿದ್ದರೂ, ಕುಡಿದು ತೂಕಡಿಸುವ ಹಿಂಬದಿ ಸವಾರ ತಿರುವಿನಲ್ಲಿ ಜಾರಿ ಬೀಳುತ್ತಾನೆ.

ಇನ್ನೊಂದು ವಿಷಯ. ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

ಬೈಕಿನಿಂದ ಬಿದ್ದವನು ತಾನೇ ಎದ್ದು ಪ್ಯಾಂಟ್ ಕೊಡವಿಕೊಂಡು 'ನಂಗೇನೂ ಆಗಿಲ್ಲ' ಅನ್ನುತ್ತಾನೆ. ಗೆಳೆಯರು ರೂಮಿಗೆ ಕರೆದೊಯ್ದು ಮಲಗಿಸುತ್ತಾರೆ. ರಾತ್ರಿ ವಾಂತಿ ಮಾಡುತ್ತಾನೆ, ಜಾಸ್ತಿ ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ಗೊರಕೆ ಹೊಡೆಯುತ್ತಾನೆ, ಒಳ್ಳೆ ನಿದ್ದೆ ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಆಗ ಕರೆತರುತ್ತಾರೆ. ನೋಡಿದರೆ ಒಂದು ಕಣ್ಣಿನ ಪಾಪೆ ದೊಡ್ಡದಾಗಿರುತ್ತದೆ. ತಲೆಬುರುಡೆಯ ಒಳಗೆ ರಕ್ತ ಸೋರಿ, ಹೆಪ್ಪುಗಟ್ಟಿ, ಮೆದುಳನ್ನು ಒತ್ತುತ್ತಿರುತ್ತದೆ. ಈ ತರಹದ ಪೆಟ್ಟಿನಲ್ಲಿ ಮೊದಲು ಕೆಲವು ಗಂಟೆ ಮನುಷ್ಯ ಸರಿಯಾಗೇ ಮಾತಾಡಬಹುದು. ಆ ಗಂಟೆಗಳಲ್ಲೇ ಬಂದಿದ್ದರೆ ಆಪರೇಷನ್ ಮಾಡಿ ಉಳಿಸಿಕೊಳ್ಳುವ ಅವಕಾಶ ಎಷ್ಟೋ ಜಾಸ್ತಿ ಇರುತ್ತಿತ್ತು.

ಅಮಲಿನ ಲಕ್ಷಣ, ತಲೆ ಪೆಟ್ಟಿನ ಲಕ್ಷಣ ಎರಡೂ ಒಂದೇ ತರಹ ಕಾಣುತ್ತವೆ: ತೊದಲು, ವಾಂತಿ, ಮಂಪರು. ಸಿಟಿ ಸ್ಕ್ಯಾನ್ ಇಲ್ಲದೆ ನಮಗೇ ಹೇಳಲು ಕಷ್ಟ. ಕುಡಿದವನು ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಎಚ್ಚರವಿದ್ದರೂ ಸರಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಕೂರಿಸಿ ನೀರು ಕುಡಿಸಬೇಡಿ, ಕತ್ತು ಅಲುಗಾಡಿಸಬೇಡಿ. ವಾಂತಿ ಬಂದರೆ ತಲೆ, ಕತ್ತು, ಮೈ ಒಟ್ಟಿಗೆ ತಿರುಗುವಂತೆ ಮಗ್ಗುಲಿಗೆ ಹೊರಳಿಸಿ. ಇದಕ್ಕೆ ಇಬ್ಬರು ಮೂವರು ಬೇಕು.

ಆಸ್ಪತ್ರೆಗೆ ಬಂದ ಮೇಲೆ ಎಷ್ಟು ಕುಡಿದಿದ್ದ, ಎಷ್ಟು ಹೊತ್ತಿಗೆ ಬಿದ್ದ, ಬಿದ್ದಾಗ ಎಚ್ಚರ ತಪ್ಪಿತ್ತಾ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಅಪಘಾತದ ವಿಷಯ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ನೀವು ಮುಚ್ಚಿಟ್ಟರೂ ಅದು ನಡೆಯುತ್ತದೆ. ಆದರೆ ಅರಿವಳಿಕೆ ಎಷ್ಟು ಕೊಡಬೇಕು, ನೋವಿನ ಮದ್ದು ಯಾವುದು, ಸ್ಕ್ಯಾನ್ ಎಷ್ಟು ಬೇಗ ಮಾಡಬೇಕು ಅನ್ನುವುದೆಲ್ಲ ನೀವು ಹೇಳುವ ಆ ಎರಡು ಮಾತಿನ ಮೇಲೆ ನಿಂತಿರುತ್ತದೆ.