ಅಲ್ಯೂಮಿನಿಯಂ ಬಾಡಿ ಪ್ಯಾನೆಲ್: ಬಣ್ಣದಡಿಯ ಬಿಳಿ ಪುಡಿ ಎಲ್ಲಿಂದ ಬರುತ್ತದೆ?

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎನ್ನುವ ಮಾತು ಅರ್ಧ ನಿಜ. ಕೆಂಪು ತುಕ್ಕು ಕಬ್ಬಿಣದ್ದು, ಅದು ಇಲ್ಲಿ ಬರುವುದಿಲ್ಲ. ಆದರೆ ಬಾನೆಟ್ ಅಂಚಿನಲ್ಲಿ ಬಣ್ಣ ಉಬ್ಬಿದೆ, ಉಗುರಿನಿಂದ ಕೆರೆದರೆ ಸುಣ್ಣದಂಥ ಪುಡಿ ಉದುರುತ್ತದೆ ಎಂದಾದರೆ ಲೋಹ ನಶಿಸುತ್ತಿದೆ ಎಂದೇ ಅರ್ಥ. ಆ ಪುಡಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಕರಗಿಹೋದ ಲೋಹಕ್ಕಿಂತ ಅದಕ್ಕೆ ಹೆಚ್ಚು ಜಾಗ ಬೇಕು, ಹಾಗಾಗಿಯೇ ಮೇಲಿನ ಬಣ್ಣ ಗುಳ್ಳೆಯಾಗಿ ಏಳುತ್ತದೆ.

ಮೊದಲು ಪೊರೆಯ ವಿಚಾರ. ಕೆರೆದ ಅಲ್ಯೂಮಿನಿಯಂ ಗಾಳಿ ತಾಗಿದ ಕ್ಷಣವೇ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್, ಆದರೂ ಒಳಗಿನ ಲೋಹವನ್ನು ಕಾಯುವುದು ಅದೇ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ (7 ಅಂದರೆ ತಟಸ್ಥ) ಸುಮಾರು 4ರಿಂದ 8.5ರ ನಡುವೆ ಇದ್ದಾಗ ಅದು ಗಟ್ಟಿಯಾಗಿರುತ್ತದೆ, ಆಚೆಗೋ ಈಚೆಗೋ ಹೋದರೆ ಕರಗುತ್ತದೆ. ತೀಕ್ಷ್ಣ ಕ್ಷಾರದ ಚಕ್ರ ಕ್ಲೀನರ್ ಆಗಲಿ, ಹಸಿ ಸಿಮೆಂಟ್ ಆಗಲಿ ತಾಗಿದ ಕಡೆ ಬರಿಯ ಅಲ್ಯೂಮಿನಿಯಂ ಕಪ್ಪಿಡುವುದು ಇದರಿಂದಲೇ. ಉಪ್ಪಿನ ಕ್ಲೋರೈಡ್ ಇನ್ನೂ ಕೆಟ್ಟದ್ದು, ಪಿಎಚ್ 7 ಇದ್ದಾಗಲೂ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಚುಚ್ಚಿದ ಕುಳಿಯೊಳಗೆ ಅಲ್ಯೂಮಿನಿಯಂ ಅಯಾನು ನೀರಿನೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತದೆ, ಆ ಆಮ್ಲದಲ್ಲಿ ಪೊರೆ ಮತ್ತೆ ಕಟ್ಟಿಕೊಳ್ಳಲಾರದು. ಕುಳಿ ತನಗೆ ಬೇಕಾದ ವಾತಾವರಣವನ್ನು ತಾನೇ ಮಾಡಿಕೊಂಡು ಆಳವಾಗುತ್ತದೆ. ಹೊರ ಪ್ಯಾನೆಲ್ಲಿನ ದಪ್ಪವೇ ಸುಮಾರು 1 ಮಿಲಿಮೀಟರ್ ಎಂಬುದನ್ನು ಮರೆಯಬಾರದು.

ಚಳಿ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪುಗಳಲ್ಲೂ ವ್ಯತ್ಯಾಸವಿದೆ. ಅಡುಗೆ ಉಪ್ಪು ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದಾಗ ನೀರೊಡೆಯುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್‌ಗಳಿಗೆ ಮೂವತ್ತರ ಆಸುಪಾಸು ಸಾಕು. ನಮಗೆ ಒಣಗಿದಂತೆ ಕಾಣುವ ಗಾಡಿಯ ಸಂದುಗಳಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ.

ಈಗ ಎರಡು ಲೋಹಗಳ ಜೋಡಿ: ಒಂದಕ್ಕೊಂದು ತಾಗಿದ ಎರಡು ಬೇರೆ ಲೋಹಗಳ ಮೇಲೆ ಉಪ್ಪುನೀರು ನಿಂತರೆ ಅದು ಪುಟ್ಟ ಬ್ಯಾಟರಿಯಂತಾಗುತ್ತದೆ. ಇದನ್ನು ನಿಧಾನವಾಗಿ ಓದಿ, ಹೆಚ್ಚಿನ ತಪ್ಪುಗಳು ಇಲ್ಲೇ ಆಗುವುದು. ಸಮುದ್ರದ ನೀರಿನಲ್ಲಿ, ಅಳತೆಗೆ ಆಧಾರವಾಗಿ ಬಳಸುವ ಕ್ಯಾಲೊಮೆಲ್ ಎಲೆಕ್ಟ್ರೋಡ್‌ಗೆ ಹೋಲಿಸಿದರೆ ಸತು ಸುಮಾರು ಮೈನಸ್ 1.0 ವೋಲ್ಟ್, ಅಲ್ಯೂಮಿನಿಯಂ ಮೈನಸ್ 0.75, ಸಾದಾ ಉಕ್ಕು ಮೈನಸ್ 0.6, ಸ್ಟೇನ್‌ಲೆಸ್ ಮೈನಸ್ 0.1ರ ಹತ್ತಿರ. ಹೆಚ್ಚು ಮೈನಸ್ ಇರುವುದು ಆನೋಡ್ ಆಗಿ ಕರಗುತ್ತದೆ. ಸ್ಟೇನ್‌ಲೆಸ್ ಬೋಲ್ಟ್‌ಗೆ ತುಕ್ಕು ಬಾರದಿರಬಹುದು, ಪಕ್ಕದ ಅಲ್ಯೂಮಿನಿಯಂಗೆ ಅದರಿಂದ ರಕ್ಷಣೆಯೇನೂ ಇಲ್ಲ. ಸತು ಲೇಪಿಸಿದ ಬೋಲ್ಟ್ ಆದರೆ ಮೊದಲು ಸತುವೇ ಕರಗುತ್ತದೆ.

ವೋಲ್ಟ್‌ಗಿಂತ ಹೆಚ್ಚು ಹಾನಿ ಮಾಡುವುದು ವಿಸ್ತೀರ್ಣದ ಲೆಕ್ಕ. ದೊಡ್ಡ ಉಕ್ಕಿನ ಬ್ರಾಕೆಟ್ ಬರಿಮೈಯಲ್ಲಿದೆ, ಅದಕ್ಕೆ ಜೋಡಿಸಿದ ಅಲ್ಯೂಮಿನಿಯಂಗೆ ಪೂರ್ತಿ ಬಣ್ಣವಿದೆ, ಒಂದು ಗೀರು ಮಾತ್ರ ಬಿದ್ದಿದೆ ಎಂದುಕೊಳ್ಳಿ. ಇಡೀ ಬ್ರಾಕೆಟ್ ಎಳೆಯುವ ಕರೆಂಟ್ ಆ ಒಂದು ಗೀರಿನಿಂದಲೇ ಹೋಗಬೇಕು, ಅಲ್ಲಿ ಲೋಹ ಬೇಗ ತೂತಾಗುತ್ತದೆ. ಹಾಗಾಗಿ ಅಲ್ಯೂಮಿನಿಯಂಗೆ ಮಾತ್ರ ಬಣ್ಣ ಬಳಿದು ನಿಲ್ಲಿಸಬಾರದು, ಉಕ್ಕಿನ ಭಾಗಕ್ಕೂ ಬಳಿಯಲೇಬೇಕು.

ಬಣ್ಣದಡಿ ಹುಳು ಹರಿದಂತೆ ಎಳೆ ಎಳೆಯಾಗಿ ಹೋಗುವ ಗೆರೆಗಳು ಇನ್ನೊಂದು ಬಗೆ. ಎಳೆಯ ತಲೆಯಲ್ಲಿ ಕ್ಲೋರೈಡ್ ತುಂಬಿದ ಆಮ್ಲದ ಹನಿ, ಬಾಲದಲ್ಲಿ ಒಣ ಬಿಳಿ ಪುಡಿ. ಆಮ್ಲಜನಕ ಬಾಲದ ಕಡೆಯಿಂದ ಒಳಬರುತ್ತದೆ, ತಲೆ ಮುಂದೆ ಸಾಗುತ್ತದೆ. ಶುರುವಾಗುವುದು ಗೀರು, ಅಂಚು ಅಥವಾ ಹುದುಗಿದ ಕಬ್ಬಿಣದ ಕಣದಿಂದ. ಉಕ್ಕಿನ ಮೇಲೆ ತಿರುಗಿಸಿದ ಡಿಸ್ಕನ್ನೇ ಅಲ್ಯೂಮಿನಿಯಂ ಮೇಲೂ ಹಿಡಿದರೆ ಅಂಥ ಕಣಗಳನ್ನು ನಾವೇ ಬಿತ್ತಿದ ಹಾಗೆ. ಬಾನೆಟ್ ಮತ್ತು ಡೋರ್‌ಗಳಲ್ಲಿ ಹೊರತಗಡನ್ನು ಒಳತಗಡಿನ ಮೇಲೆ ಮಡಿಸಿದ ಅಂಚು ಬೇಗ ಹಾಳಾಗುತ್ತದೆ: ಮಡಿಕೆಯ ಮೇಲೆ ಬಣ್ಣ ತೆಳು, ಒಳಗೆ ನೀರು ನಿಲ್ಲುವ ಸಂದು.

ರಿಪೇರಿಗೆ ಕೈಹಾಕುವ ಮುನ್ನ ಅಲ್ಯೂಮಿನಿಯಂಗೆಂದೇ ಬೇರೆ ಡಿಸ್ಕ್, ಎಮರಿ ಪೇಪರ್, ಸ್ಟೇನ್‌ಲೆಸ್ ಬ್ರಷ್ ತೆಗೆದಿಡಿ. ಪಕ್ಕದಲ್ಲಿ ಉಕ್ಕು ಗ್ರೈಂಡ್ ಮಾಡುತ್ತಿದ್ದರೆ ಪ್ಯಾನೆಲ್ ಮುಚ್ಚಿ. ಧೂಳು ಹೀರುವ ಯಂತ್ರವೂ ಬೇರೆಯೇ ಇರಲಿ. ಅಲ್ಯೂಮಿನಿಯಂ ಧೂಳು ಸ್ಫೋಟಿಸಬಲ್ಲದು, ಅದಕ್ಕೆ ತುಕ್ಕಿನ ಪುಡಿ ಬೆರೆತು ಕಿಡಿ ತಾಗಿದರೆ ಥರ್ಮೈಟ್‌ನಂತೆ (ಲೋಹ ಕರಗಿಸುವಷ್ಟು ಬಿಸಿಯಾಗಿ ಉರಿಯುವ ಮಿಶ್ರಣ) ಉರಿಯಬಲ್ಲದು. ಇದರಲ್ಲಿ ರಿಯಾಯಿತಿ ಬೇಡ.

ಮೊದಲು ನೀರಿನಿಂದ ಉಪ್ಪನ್ನು ತೊಳೆದು, ಡಿಗ್ರೀಸರ್‌ನಿಂದ ಜಿಡ್ಡು ತೆಗೆಯಿರಿ. ತೊಳೆಯದೆ ಉಜ್ಜಿದರೆ ಉಪ್ಪು ಕುಳಿಯೊಳಗೇ ಸೇರುತ್ತದೆ. ಕಣ್ಣಿಗೆ ಕಾಣುವ ಗುಳ್ಳೆಯಿಂದ ಎರಡು ಮೂರು ಸೆಂಟಿಮೀಟರ್ ಆಚೆಯವರೆಗೂ ಬಣ್ಣ ತೆಗೆಯಿರಿ, ಎಳೆಗಳು ಅಲ್ಲಿಯೂ ಹರಿದಿರಬಹುದು. 80 ನಂಬರ್‌ಗಿಂತ ಒರಟು ಪೇಪರ್ ಬೇಡ, ಕೊನೆಗೆ 180ಕ್ಕೆ ಬನ್ನಿ. ಕುಳಿಯ ತಳವೂ ಹೊಳೆಯುವವರೆಗೆ ಉಜ್ಜಬೇಕು, ಒಂದು ಬಿಳಿ ಚುಕ್ಕೆ ಉಳಿದರೂ ಗುಳ್ಳೆ ಮರಳುತ್ತದೆ. ತಗಡು ತೂತಾಗಿದ್ದರೆ, ಅಥವಾ ಪುಡಿ ಮಡಿಕೆಯೊಳಗಿಂದಲೇ ಬರುತ್ತಿದ್ದರೆ ಪ್ಯಾನೆಲ್ ಬದಲಿಸುವುದೇ ಸರಿ, ಒಳಭಾಗಕ್ಕೆ ಕೈ ಹೋಗುವುದಿಲ್ಲ.

ಆಮೇಲೆ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿಕೊಳ್ಳಿ. ಜಿರ್ಕೋನಿಯಂ ಆಧಾರದ ಪೂರ್ವಲೇಪ ಸಿಕ್ಕರೆ ಬಳಸಿ, ಅದೇ ದಿನ ತಡಮಾಡದೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ ಬೇಕಿದ್ದರೆ ಪ್ರೈಮರ್ ಮೇಲೆ ಹಚ್ಚಿ. ಪುಟ್ಟಿ ತೇವ ಹೀರುತ್ತದೆ, ಬರಿಲೋಹದ ಮೇಲೆ ಹಚ್ಚಿದರೆ ಆ ತೇವ ನೇರ ಅಲ್ಯೂಮಿನಿಯಂಗೆ ತಲುಪುತ್ತದೆ.

ಮರಳಿ ಜೋಡಿಸುವಾಗ ತಯಾರಕರು ಹೇಳಿದ ಲೇಪದ ಬೋಲ್ಟನ್ನೇ ಹಾಕಿ. ತಲೆಯ ಕೆಳಗೆ ನೈಲಾನ್ ವಾಷರ್ ಇಟ್ಟರಷ್ಟೇ ಸಾಲದು, ಬೋಲ್ಟಿನ ಕಾಂಡ ತೂತಿನ ಗೋಡೆಗೆ ತಾಗಿದರೆ ಸರ್ಕ್ಯೂಟ್ ಪೂರ್ತಿಯಾಗುತ್ತದೆ, ಅಲ್ಲಿ ಸ್ಲೀವ್ ಬೇಕು. ಅರ್ಥಿಂಗ್ ಬಿಂದುವಿನಲ್ಲಿ, ಅಂದರೆ ಗಾಡಿಯ ವಿದ್ಯುತ್ ತಂತಿ ಬಾಡಿಗೆ ಸೇರುವಲ್ಲಿ, ಲೋಹಕ್ಕೆ ಲೋಹ ತಾಗಲೇಬೇಕಾದ್ದರಿಂದ ಅಲ್ಲಿ ಉಳಿಯುವ ದಾರಿ ನೀರನ್ನು ತಡೆಯುವುದು: ಬಿಗಿದ ಮೇಲೆ ಸುತ್ತಲೂ ಸೀಲರ್ ಹಚ್ಚಿ.

ಗಾಡಿ ತೊಳೆಯಲು ತಟಸ್ಥ ಪಿಎಚ್‌ನ ಶಾಂಪೂ ಸಾಕು. ಡೋರ್ ತಳದ ನೀರಿಳಿಯುವ ತೂತುಗಳಲ್ಲಿ ಮಣ್ಣು ಕಟ್ಟದಂತೆ ನೋಡಿಕೊಳ್ಳಿ. ಮಡಿಸಿದ ಅಂಚು, ಕೀಲಿನ ಸುತ್ತ, ಲಾಂಛನ ಕೂರಿಸಿದ ತೂತು, ರಿವೆಟ್ ತಲೆ, ಇವುಗಳ ಮೇಲೆ ಬೆರಳಾಡಿಸಿದರೆ ಕಣ್ಣಿಗೆ ಕಾಣುವ ಮೊದಲೇ ಉಬ್ಬು ಸಿಗುತ್ತದೆ. ಕಲ್ಲು ಹಾರಿ ಬಣ್ಣ ಚಕ್ಕೆ ಎದ್ದ ಕಡೆ ಟಚಪ್ ಬಣ್ಣವೊಂದನ್ನೇ ಹಚ್ಚಬೇಡಿ, ಶುಚಿಮಾಡಿ ಒಂದು ಹನಿ ಎಪಾಕ್ಸಿ ಪ್ರೈಮರ್ ಇಟ್ಟು ಅದು ಒಣಗಿದ ಮೇಲೆ ಬಣ್ಣ.