ಒಂದೇ ಬದಿ ಕೆಂಪಾಗುವ ಕಾಯಿಲ್

"ಎಂತ ಮಾರಾಯ್ರೆ, ಹೊಸ ಕಾಯಿಲ್ ಹಾಕಿದ್ದೇನೆ, ಒಲೆ ಅರ್ಧ ಮಾತ್ರ ಕೆಂಪಾಗ್ತದೆ. ಆಚೆ ಬದಿಗೆ ಕರೆಂಟೇ ಹೋಗುವುದಿಲ್ಲ."

ಮಂಗಳೂರಿನ ಕಂಕನಾಡಿ ಕಡೆ ಇರುವ ನನ್ನ ರಿಪೇರಿ ಅಂಗಡಿಗೆ ಕರೆಂಟ್ ಒಲೆ ಹಿಡಿದುಕೊಂಡು ಬರುವವರು ಹೆಚ್ಚಾಗಿ ಹೇಳುವುದು ಹೀಗೆ. ನೀರುದೋಸೆ ಮಾಡುವವರಿಗೆ ಈ ತೊಂದರೆ ಎಲ್ಲರಿಗಿಂತ ಬೇಗ ಗೊತ್ತಾಗುತ್ತದೆ. ಕಾವಲಿಯ ಒಂದು ಬದಿಯಲ್ಲಿ ದೋಸೆ ಬೆಂದು ಅಂಚು ಏಳುತ್ತದೆ, ಇನ್ನೊಂದು ಬದಿ ಹಸಿಹಸಿಯಾಗಿ ಅಂಟಿಕೊಂಡಿರುತ್ತದೆ.

ಆಚೆ ಬದಿಗೂ ಕರೆಂಟ್ ಹೋಗುತ್ತದೆ. ಇರುವುದು ಒಂದೇ ತಂತಿ ಅಲ್ವಾ? ಈ ತುದಿಯಲ್ಲಿ ಎಷ್ಟು ಆಂಪಿಯರ್ ಒಳಗೆ ಹೋಗುತ್ತದೋ ಆ ತುದಿಯಲ್ಲಿ ಅಷ್ಟೇ ಹೊರಗೆ ಬರಬೇಕು. ಹಾಗಾಗಿ ನಾನು ಮೊದಲು ನೋಡುವುದು ಮಂಕಾದ ಜಾಗವನ್ನಲ್ಲ, ಜಾಸ್ತಿ ಕೆಂಪಾದ ಜಾಗವನ್ನು. ಕಾಯಿಲೆ ಹೆಚ್ಚಾಗಿ ಅಲ್ಲಿರುತ್ತದೆ. ನಾಳೆ ತುಂಡಾಗುವುದೂ ಅಲ್ಲೇ.

ಇಡೀ ಕಾಯಿಲ್ ಒಂದೇ ಸಮ ಮಂಕಾಗಿದ್ದರೆ ಅದು ಬೇರೆ ಲೆಕ್ಕ. ಅದು ವೋಲ್ಟೇಜಿನದ್ದು. 230 ವೋಲ್ಟಿಗೆ 1000 ವ್ಯಾಟ್ ಕೊಡುವ ಕಾಯಿಲ್, 200 ವೋಲ್ಟ್ ಬಂದರೆ 750 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಸಂಜೆ ಹೊತ್ತಿಗೆ ಒಲೆ ಸೋಮಾರಿಯಾದರೆ ಕಾಯಿಲನ್ನು ಬೈಯಬೇಡಿ. ಒಂದು ಬದಿ ಕಿಟಕಿಯ ಗಾಳಿ ನೇರ ಹೊಡೆಯುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಅಷ್ಟಕ್ಕೇ ಆ ಬದಿ ಮಂಕಾಗಿದ್ದನ್ನು ನೋಡಿದ್ದೇನೆ.

ಇನ್ನು ತೇಪೆ ತೇಪೆಯಾಗಿ ಕೆಂಪಾಗುವುದು. ಇದರಲ್ಲಿ ಮುಕ್ಕಾಲು ಪಾಲು ಎಳೆದವರ ಕೈಯ ತಪ್ಪು. ಅಂಗಡಿಯಲ್ಲಿ ಸಿಗುವ ಕಾಯಿಲ್ ಒತ್ತೊತ್ತಾಗಿ ಸುತ್ತಿದ ಸ್ಪ್ರಿಂಗ್. ಅದನ್ನು ಮಣ್ಣಿನ ಪ್ಲೇಟಿನಲ್ಲಿ ಕಾಯಿಲ್ ಕೂರುವ ತೋಡಿನ ಉದ್ದಕ್ಕೆ ಎಳೆಯಬೇಕು. ಜನ ಏನು ಮಾಡುತ್ತಾರೆ? ಒಂದು ತುದಿಯನ್ನು ಸ್ಕ್ರೂಗೆ ಕಟ್ಟಿ, ಅಲ್ಲಲ್ಲೇ ಬೆರಳಿನಲ್ಲಿ ಎಳೆದು ಎಳೆದು ತೋಡಿಗೆ ತುರುಕುತ್ತಾರೆ. ಶುರುವಿನಲ್ಲಿ ಸುತ್ತುಗಳು ಅಗಲ, ಕೊನೆಗೆ ಉಳಿದದ್ದೆಲ್ಲ ಒಂದೇ ಕಡೆ ಗುಂಪು. ಗುಂಪಾದ ಸುತ್ತುಗಳು ಒಂದಕ್ಕೊಂದು ಬಿಸಿ ಕೊಟ್ಟುಕೊಳ್ಳುತ್ತವೆ, ಬಿಸಿ ಹೊರಗೆ ಹೋಗಲು ಜಾಗ ಇಲ್ಲ. ಆ ಜಾಗ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಅಗಲವಾದ ಭಾಗ ಕಪ್ಪಾಗಿಯೇ ಉಳಿಯುತ್ತದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಒಂದು ನೂಲನ್ನು ತೋಡಿನೊಳಗೆ ಈ ಟರ್ಮಿನಲ್‌ನಿಂದ ಆ ಟರ್ಮಿನಲ್‌ವರೆಗೆ ಕೂರಿಸಿ ಉದ್ದ ತೆಗೆಯಿರಿ. ಕಾಯಿಲನ್ನು ಮೇಜಿನ ಮೇಲೆ ಅಡ್ಡ ಇಟ್ಟು, ಎರಡು ತುದಿ ಹಿಡಿದು, ಜರ್ಕ್ ಕೊಡದೆ ಒಂದೇ ಎಳೆತ. ಬಿಟ್ಟಾಗ ಸ್ವಲ್ಪ ಹಿಂದೆ ಹೋಗುತ್ತದೆ, ಮತ್ತೆ ಎಳೆಯಿರಿ. ತುದಿಯಿಂದ ಎಳೆದರೆ ಎಲ್ಲ ಸುತ್ತಿನ ಮೇಲೂ ಒಂದೇ ಬಲ ಬೀಳುತ್ತದೆ, ಅದೇ ತಾನಾಗಿ ಸಮ ಆಗುತ್ತದೆ. ನೂಲಿಗಿಂತ ಒಂದು ಬೆರಳು ಕಡಿಮೆ ಉದ್ದಕ್ಕೆ ನಿಲ್ಲಿಸಿ. ಆಮೇಲೆ ಎರಡು ತುದಿ ಕಟ್ಟಿ, ನಡುಭಾಗವನ್ನು ತೋಡಿನ ನಡುವಿಗೆ ಕೂರಿಸಿ, ಅಲ್ಲಿಂದ ಎರಡೂ ಕಡೆಗೆ ಹೋಗಿ. ತಿರುವಿನಲ್ಲಿ ಸುತ್ತುಗಳು ಒಳಬದಿಗೆ ಒತ್ತಿಕೊಳ್ಳುತ್ತವೆ. ಅಲ್ಲಿ ಒಂದು ಮರದ ಕಡ್ಡಿಯಿಂದ ಸ್ವಲ್ಪ ಬಿಡಿಸಿ. ಪ್ಲಗ್ ಕಿತ್ತಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಫೇಸ್ ನ್ಯೂಟ್ರಲ್ ಅದಲುಬದಲಾದ ಬೋರ್ಡಿನಲ್ಲಿ ಸ್ವಿಚ್ ಆಫ್ ಇದ್ದರೂ ಕಾಯಿಲ್ ಲೈವ್ ಆಗಿಯೇ ಇರುತ್ತದೆ.

ಇದಕ್ಕೆ ತಿರುಗಾಮುರುಗಾ ಆಗುವುದೂ ಉಂಟು. ಹೊಸ ತಂತಿ ಹೊಳೆಯುತ್ತಿರುತ್ತದೆ, ಮೇಲೆ ಕರೆಂಟ್ ತಡೆಯುವ ಯಾವ ಪದರವೂ ಇಲ್ಲ. ಸುತ್ತಿಗೆ ಸುತ್ತು ತಾಗಿದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ. ಆಗ ಒತ್ತಾದ ಜಾಗವೇ ಕಪ್ಪು, ಉಳಿದ ಭಾಗಕ್ಕೆ ಹೊರೆ ಜಾಸ್ತಿ. ಕಾಯಿಲಿನ ತಂತಿ ಹೆಚ್ಚಾಗಿ ನಿಕ್ರೋಮ್, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹ. ಅದು ಕೆಂಪಾಗಿ ಕಾದಾಗ ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟುತ್ತದೆ. ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ ಈ ಲೋಹ ಇಷ್ಟು ವರ್ಷ ಒಲೆಯಲ್ಲಿ ಉಳಿದದ್ದೇ ಆ ಪದರದ ದೆಸೆಯಿಂದ. ಅದು ಕಟ್ಟುವವರೆಗೆ ಪೂರ್ತಿ ಪವರ್ ಕೊಡದಿದ್ದರೆ ಒಳ್ಳೆಯದು. ಒಂದೇ ವ್ಯಾಟಿನ ಎರಡು ಕಾಯಿಲ್‌ಗಳನ್ನು ಸೀರೀಸ್‌ನಲ್ಲಿ ಹಾಕಿ ನಾನು ಮೊದಲು ಕಾಯಿಸುತ್ತೇನೆ. ಪ್ರತಿಯೊಂದಕ್ಕೂ ಅರ್ಧ ವೋಲ್ಟೇಜ್, ಅಂದರೆ ಕಾಲು ಪಾಲು ವ್ಯಾಟ್. ಒಲೆ ತೊಳೆಯುವ ಉತ್ಸಾಹದಲ್ಲಿ ಕಾಯಿಲಿಗೆ ಸ್ಯಾಂಡ್ ಪೇಪರ್ ಉಜ್ಜುವವರಿದ್ದಾರೆ. ಕಟ್ಟಿದ ಪದರವನ್ನೇ ಕೆರೆದು ತೆಗೆದ ಹಾಗಾಯಿತು.

ತುಂಡಾದ ಕಾಯಿಲನ್ನು ತಿರುಚಿ ಜೋಡಿಸುವುದು ನಮ್ಮೂರಿನ ಹಳೇ ರೋಗ. ಸಡಿಲ ಜೋಡಣೆ ತಾನೇ ಕಾದು ಸುಡುತ್ತದೆ. ಜೊತೆಗೆ ತಂತಿಯೂ ಗಿಡ್ಡವಾಗುತ್ತದೆ. 1000 ವ್ಯಾಟಿನ ಕಾಯಿಲ್ ಸುಮಾರು 53 ಓಮ್ ಇರಬೇಕು. ಹತ್ತರಲ್ಲಿ ಒಂದು ಪಾಲು ತೆಗೆದರೆ ಅದು 1100 ವ್ಯಾಟ್ ದಾಟುತ್ತದೆ. "ಮೊದಲಿಗಿಂತ ಚೆನ್ನಾಗಿ ಉರಿತದೆ" ಅಂತ ಖುಷಿಪಡುವುದು ಇದಕ್ಕೇ. ಸೋಲ್ಡರ್ ಹಾಕುವ ಯೋಚನೆ ಬೇಡ. ಅದು 190 ಡಿಗ್ರಿ ಹತ್ತಿರವೇ ಕರಗುತ್ತದೆ, ಕೆಂಪಾದ ಕಾಯಿಲ್ 700 ಡಿಗ್ರಿಗೂ ಮೇಲೆ. ಹೊಸದನ್ನೇ ಹಾಕಿ.

ಕರಾವಳಿಯಲ್ಲಿ ಟರ್ಮಿನಲ್ ಬಗ್ಗೆ ಬೇರೆಯೇ ಹೇಳಬೇಕು. ಮಲ್ಪೆ, ಉಳ್ಳಾಲ ಕಡೆಯಿಂದ ಬರುವ ಒಲೆಗಳ ಹಿತ್ತಾಳೆ ಸ್ಕ್ರೂ ನೋಡಿ, ಹಸಿರು ಹಿಡಿದಿರುತ್ತದೆ. ಉಪ್ಪುಗಾಳಿ, ಮೇಲಿಂದ ಉಕ್ಕಿ ಬಿದ್ದ ಮೀನುಸಾರು. ಅಲ್ಲಿ ಸಂಪರ್ಕ ಕೆಟ್ಟು ತುದಿಯ ಎರಡು ಸುತ್ತು ಬೆಳ್ಳಗೆ ಉರಿಯುತ್ತದೆ, ಜನ ಅದನ್ನೂ ಕಾಯಿಲಿನ ದೋಷ ಅಂದುಕೊಳ್ಳುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ನಟ್-ವಾಷರ್ ಹಾಕಿ ಬಿಗಿ ಮಾಡಿದರೆ ಹೆಚ್ಚಿನ ಸಲ ಅಲ್ಲಿಗೆ ಮುಗಿಯಿತು.

ಹಳೇ ಕಾಯಿಲನ್ನು ಎಳೆದು ಸಮ ಮಾಡುವ ಮುಂಚೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಾಂಥಾಲ್ ಜಾತಿಯ (ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿದ) ತಂತಿ, ಒಮ್ಮೆ ಕಾದ ಮೇಲೆ ತಣ್ಣಗಿರುವಾಗ ಪೆಡಸು. ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಅಂಟದಿದ್ದರೆ ನಿಕ್ರೋಮ್ ಇರಬಹುದು, ಸ್ವಲ್ಪ ಕೈ ಆಡಿಸಬಹುದು.

ಇ-ಸಿಗರೇಟಿಗೆ ಕಾಯಿಲ್ ಸುತ್ತಿ ಕೊಡ್ತೀರಾ ಅಂತ ಕೇಳುವ ಹುಡುಗರೂ ಇದ್ದಾರೆ. 2019ರ ಕಾಯ್ದೆಯಲ್ಲಿ ಅದರ ತಯಾರಿ, ಮಾರಾಟ, ದಾಸ್ತಾನು ಎಲ್ಲವೂ ನಿಷೇಧ. ಆ ಕೆಲಸ ನಾನು ಮುಟ್ಟುವುದಿಲ್ಲ, ಸುಮ್ನೆ ವಾಪಸ್ ಕಳಿಸುತ್ತೇನೆ.

ದಸರಾ ಹತ್ತಿರ ಬಂದರೆ ಇದೇ ತಂತಿಗೆ ಬೇರೆ ಗಿರಾಕಿಗಳು: ಸ್ಟೇಜ್ ಮತ್ತು ಸ್ತಬ್ಧಚಿತ್ರಕ್ಕೆ ಕಾದ ತಂತಿಯಿಂದ ಥರ್ಮಾಕೋಲ್ ಹಲಗೆ ಕತ್ತರಿಸುವವರು. 26 ಗೇಜಿನ ನಿಕ್ರೋಮ್ ಮುಕ್ಕಾಲು ಮೀಟರಿಗೆ ಸುಮಾರು 5 ಓಮ್. 12 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ 2.4 ಆಂಪಿಯರ್ ಎಳೆಯುತ್ತದೆ, ಅಷ್ಟು ಸಾಕು. ಮೇನ್ಸ್‌ಗೆ ನೇರ ಕೊಡುವ ಸಾಹಸ ಬೇಡ. ಕಾದಾಗ ತಂತಿ ಎರಡು-ಮೂರು ಮಿಲಿಮೀಟರ್ ಉದ್ದವಾಗಿ ಜೋಲುತ್ತದೆ. ಅದಕ್ಕೆ ಒಂದು ತುದಿಗೆ ಸ್ಪ್ರಿಂಗ್ ಇರಲಿ. ಎಲ್ಲಾದರೂ ಮಡಚಿದ ಗುರುತು ಇದ್ದರೆ ಅಲ್ಲಿ ತಂತಿ ಸವೆದಿರುತ್ತದೆ, ಹಲಗೆಯಲ್ಲಿ ಗೆರೆ ಬೀಳುತ್ತದೆ. ಕ್ಲಿಪ್ ಹತ್ತಿರದ ಒಂದೆರಡು ಸೆಂಟಿಮೀಟರ್ ಮಾತ್ರ ಯಾವತ್ತೂ ತಣ್ಣಗೇ, ಕ್ಲಿಪ್ಪೇ ಬಿಸಿ ಎಳೆದುಕೊಳ್ಳುತ್ತದೆ. ಅದನ್ನು ಸರಿ ಮಾಡಲು ಹೋಗಬೇಡಿ, ತಂತಿಯನ್ನು ಹಲಗೆಯ ಅಗಲಕ್ಕಿಂತ ಸ್ವಲ್ಪ ಉದ್ದ ಇಟ್ಟುಕೊಳ್ಳಿ.