ಎರಡು ವಾರದ ಕೆಮ್ಮು: ಟಿಬಿ ಪತ್ತೆಯ ನಿಯಮ ಹುಟ್ಟಿದ್ದು ಹೇಗೆ?

ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆ ಮೇಲೆ ಒಂದು ಸಾಲು ಇರುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ನೋಡಿ ನೋಡಿ ಅಭ್ಯಾಸವಾಗಿ ಅದನ್ನು ಯಾರೂ ಓದುವುದೇ ಇಲ್ಲ. ಆದರೆ ಆ ಸಾಲಿನ ಹಿಂದೆ ಅರವತ್ತು ವರ್ಷಗಳ ವಾದ, ಲೆಕ್ಕಾಚಾರ, ಊರೂರು ಸುತ್ತಿದ ಕೆಲಸ ಇದೆ. ಅದರಲ್ಲಿ ಮುಖ್ಯವಾದ ಭಾಗ ನಡೆದದ್ದು ಬೆಂಗಳೂರು ಮತ್ತು ತುಮಕೂರಿನಲ್ಲಿ. ಈಗ ಆ ಸಾಲೊಂದೇ ಸಾಲದು ಎಂದು ಸರ್ಕಾರವೇ ಹೇಳುತ್ತಿದೆ. ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಟಿಬಿಗೆ ಕಾರಣವಾದ ರೋಗಾಣುವನ್ನು ತೋರಿಸಿದರು. ಈ ರೋಗಾಣುವಿನ ಹೊರಪದರ ಮೇಣದಂಥದ್ದು. ಸಾಮಾನ್ಯ ಬಣ್ಣ ಅದಕ್ಕೆ ಸುಲಭವಾಗಿ ಹತ್ತುವುದಿಲ್ಲ. ಬಿಸಿ ಮಾಡಿ ಹತ್ತಿಸಿದರೆ, ಆಮೇಲೆ ಆಮ್ಲದಲ್ಲಿ ತೊಳೆದರೂ ಹೋಗುವುದಿಲ್ಲ. ಝೀಲ್ ಮತ್ತು ನೀಲ್ಸನ್ ಇದನ್ನೇ ಹಿಡಿದು ಒಂದು ವಿಧಾನ ರೂಪಿಸಿದರು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ಟಿಬಿ. ಈ ವಿಧಾನ ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಲ್ಯಾಬ್‌ಗಳಲ್ಲಿ ದುಡಿದಿದೆ.

1895ರಲ್ಲಿ ಎಕ್ಸ್‌ರೇ ಬಂತು. 1907–08ರಲ್ಲಿ ಪಿರ್ಕೆ ಮತ್ತು ಮಾಂಟೂ ಅವರ ಚರ್ಮದ ಪರೀಕ್ಷೆಗಳು ಬಂದವು. ತೋಳಿಗೆ ಸೂಜಿ ಚುಚ್ಚಿ, ಎರಡು ಮೂರು ದಿನ ಬಿಟ್ಟು ಗಂಟು ಎಷ್ಟು ದಪ್ಪ ಎಂದು ಅಳೆಯುವ ಮಾಂಟೂ ಟೆಸ್ಟ್ ಇಂದಿಗೂ ಇದೆ. ಆದರೆ ಅದು ಹೇಳುವುದು ರೋಗಾಣು ಎಂದಾದರೂ ಮೈಯೊಳಗೆ ಹೊಕ್ಕಿತ್ತೇ ಎಂದಷ್ಟೇ. ಕಾಯಿಲೆ ಇದೆಯೇ ಎಂದಲ್ಲ. ರೋಗಾಣು ಹೊಕ್ಕವರಲ್ಲಿ ಬಹುಪಾಲು ಜನ ಜೀವಮಾನದಲ್ಲಿ ಕಾಯಿಲೆ ಬೀಳುವುದೇ ಇಲ್ಲ. ಭಾರತದಂಥ ದೇಶದಲ್ಲಿ ವಯಸ್ಕರಿಗೆ ಮಾಂಟೂ ಪಾಸಿಟಿವ್ ಬಂದರೆ ಅದರಿಂದ ತಿಳಿಯುವುದು ಕಡಿಮೆ.

ಎಕ್ಸ್‌ರೇ ಮೇಲೆ ಮಾತ್ರ ಎಲ್ಲರಿಗೂ ದೊಡ್ಡ ಆಸೆ ಇತ್ತು. 1936ರಲ್ಲಿ ಬ್ರೆಜಿಲ್‌ನ ಮ್ಯಾನುಯೆಲ್ ಡಿ ಅಬ್ರೂ ಚಿಕ್ಕ ಫಿಲ್ಮ್‌ನಲ್ಲಿ ಅಗ್ಗವಾಗಿ ಎದೆಯ ಚಿತ್ರ ತೆಗೆಯುವುದನ್ನು ಕಂಡುಹಿಡಿದರು. ಅಲ್ಲಿಂದ ಇಡೀ ಊರನ್ನೇ ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆಯುವ ಕಾಲ ಶುರುವಾಯಿತು. 1957ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸುಮಾರು ಐದು ವಾರದಲ್ಲಿ 7 ಲಕ್ಷಕ್ಕೂ ಹೆಚ್ಚು ಜನರ ಎಕ್ಸ್‌ರೇ ತೆಗೆದರು.

ಈ ಎಕ್ಸ್‌ರೇ ಹುಚ್ಚಿನ ನಡುವೆಯೇ ಒಂದು ಮುಜುಗರದ ಸಂಗತಿ ಹೊರಬಿತ್ತು. ಒಂದೇ ಫಿಲ್ಮನ್ನು ಇಬ್ಬರು ತಜ್ಞರಿಗೆ ಕೊಟ್ಟರೆ ಉತ್ತರ ಬೇರೆ ಬೇರೆ ಬರುತ್ತಿತ್ತು. ಅದೇ ತಜ್ಞರಿಗೆ ಸ್ವಲ್ಪ ದಿನ ಬಿಟ್ಟು ಅದೇ ಫಿಲ್ಮ್ ಕೊಟ್ಟರೆ ತಮ್ಮ ಮಾತನ್ನೇ ಬದಲಿಸುತ್ತಿದ್ದರು! ಇದನ್ನು ಲೆಕ್ಕಕ್ಕೆ ತಂದವರಲ್ಲಿ ಮುಖ್ಯರು ಅಮೆರಿಕದ ಜೇಕಬ್ ಯೆರುಶಾಲ್ಮಿ. 1947ರಲ್ಲಿ ಅವರು ಎರಡು ಪ್ರಶ್ನೆಗಳನ್ನು ಬೇರೆ ಮಾಡಿದರು. ಕಾಯಿಲೆ ಇದ್ದವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ? ಕಾಯಿಲೆ ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ? ಇಂದು ಕೋವಿಡ್ ಕಿಟ್‌ನಿಂದ ಕ್ಯಾನ್ಸರ್ ತಪಾಸಣೆವರೆಗೆ ಎಲ್ಲ ಪರೀಕ್ಷೆಗಳನ್ನೂ ಅಳೆಯುವುದು ಈ ಎರಡು ಪ್ರಶ್ನೆಗಳಿಂದಲೇ. ಯೆರುಶಾಲ್ಮಿ ಇದನ್ನು ಮಂಡಿಸಿದ್ದು ಟಿಬಿ ಎಕ್ಸ್‌ರೇಗಳನ್ನು ಮುಂದಿಟ್ಟುಕೊಂಡು.

ಇತ್ತ ಭಾರತದಲ್ಲಿ ಟಿಬಿ ಅಂದರೆ ಪಟ್ಟಣದ, ಗಿರಣಿ ಕಾರ್ಮಿಕರ ಕಾಯಿಲೆ ಎಂಬ ನಂಬಿಕೆ ಇತ್ತು. ಚಿಕಿತ್ಸೆ ಅಂದರೆ ಸ್ಯಾನಟೋರಿಯಂ, ಅಂದರೆ ರೋಗಿಗಳು ಬಹುಕಾಲ ಉಳಿದುಕೊಳ್ಳುವ ಟಿಬಿ ಆಸ್ಪತ್ರೆ. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಹೆಸರನ್ನು ಆ ಭಾಗದವರು ಕೇಳಿರುತ್ತಾರೆ. ಐವತ್ತರ ದಶಕ ಈ ಎರಡನ್ನೂ ತಲೆಕೆಳಗು ಮಾಡಿತು. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಳ್ಳಿಗಳಲ್ಲೂ ಟಿಬಿ ಪಟ್ಟಣದಷ್ಟೇ ಇದೆ ಎಂದು ಗೊತ್ತಾಯಿತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕೇಂದ್ರವೊಂದು, ಮನೆಯಲ್ಲೇ ಮಾತ್ರೆ ತೆಗೆದುಕೊಂಡ ರೋಗಿಗಳೂ ಸ್ಯಾನಟೋರಿಯಂನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ತೋರಿಸಿತು. ಅಲ್ಲಿಗೆ ಹಾಸಿಗೆ ಎಲ್ಲಿಂದ ತರುವುದು ಎಂಬ ಚಿಂತೆ ಕಡಿಮೆಯಾಯಿತು. ರೋಗಿಯನ್ನು ಹುಡುಕುವುದು ಹೇಗೆ ಎಂಬ ಚಿಂತೆ ಉಳಿಯಿತು. ಲಕ್ಷಾಂತರ ಹಳ್ಳಿಗಳಿಗೆ ಎಕ್ಸ್‌ರೇ ವ್ಯಾನ್ ಕಳಿಸುವಷ್ಟು ದುಡ್ಡು ಯಾರ ಬಳಿ ಇತ್ತು?

ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೈಜೋಡಿಸಿದವು. ಆ ಕಾಲದಲ್ಲಿ ಭಾರತದ ಟಿಬಿ ಕಾರ್ಯಕ್ರಮಕ್ಕೆ ದುಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಆದರು. ಸಂಸ್ಥೆಯ ವಿಶೇಷ ಏನೆಂದರೆ, ಡಾಕ್ಟರ್‌ಗಳ ಜೊತೆ ಸಂಖ್ಯಾಶಾಸ್ತ್ರ ಬಲ್ಲವರು, ಸಮಾಜಶಾಸ್ತ್ರ ಬಲ್ಲವರು ಒಂದೇ ಮೇಜಿನ ಸುತ್ತ ಕೂತಿದ್ದರು.

ಅವರಲ್ಲಿ ದೇಬಬಾರ್ ಬ್ಯಾನರ್ಜಿ ಒಬ್ಬರು. ಅವರು ಸ್ಟಿಗ್ ಆಂಡರ್ಸನ್ ಜೊತೆ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ಮಾಡಿದರು. ಅದು 1963ರಲ್ಲಿ ಪ್ರಕಟವಾಯಿತು. ಸಮೀಕ್ಷೆಯಲ್ಲಿ ಟಿಬಿ ಇದೆ ಎಂದು ಸಿಕ್ಕವರ ಮನೆಗೆ ಹೋಗಿ ಮಾತಾಡಿಸುವುದು ಅವರ ಕೆಲಸ. ನಿಮಗೇನು ತೊಂದರೆ, ಯಾವಾಗಿನಿಂದ, ಏನು ಮಾಡಿದಿರಿ? ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದೇ ಆಗ ಎಲ್ಲರೂ ನಂಬಿದ್ದರು. ಸಿಕ್ಕ ಉತ್ತರ ಬೇರೆಯೇ ಆಗಿತ್ತು. ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಮಂದಿ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿಯೂ ಆಗಿತ್ತು. ಅಲ್ಲಿ ಅವರಿಗೆ ಸಿಕ್ಕದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಇಡೀ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಇದೇ. ರೋಗಿ ತಾನಾಗಿ ಬಂದು ಬೆಂಚಿನ ಮೇಲೆ ಕೂತಿದ್ದ. ಕೆಮ್ಮು ಎಷ್ಟು ದಿನದಿಂದ ಇದೆ ಎಂದು ಕೇಳುವವರಿರಲಿಲ್ಲ, ಅಷ್ಟೇ. ಹಾಗಾದರೆ ಊರೂರಿಗೆ ವ್ಯಾನ್ ಯಾಕೆ? ಬಂದವರಲ್ಲಿ ಕೆಮ್ಮು ಇರುವವರನ್ನು ಆರಿಸಿ, ಕಫ ತೆಗೆದು, ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಆಯಿತಲ್ಲ. ಹೀಗೆ ಎಷ್ಟು ರೋಗಿಗಳು ಸಿಗಬಹುದು ಎಂದು ಸಂಸ್ಥೆಯವರು ಮತ್ತೆ ಲೆಕ್ಕ ಹಾಕಿದರು. ತುಮಕೂರಿನ ಅಧ್ಯಯನ ಪ್ರಕಟವಾಗುವ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ದಾರಿಯನ್ನೇ ಹಿಡಿಯಿತು. ಎಲ್ಲರಿಗೂ ಸುಮ್ನೆ ಎಕ್ಸ್‌ರೇ ತೆಗೆಯುವುದನ್ನು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹೇಳಿದ್ದು 1974ರಲ್ಲಿ.

ಕಫ ಪರೀಕ್ಷೆಯ ಬಲ ಅದರ ಸರಳತೆ. ಕೆಂಪು ಕಡ್ಡಿ ಕಂಡರೆ ಅನುಮಾನ ಕಡಿಮೆ, ಮತ್ತು ಹಾಗೆ ಕಾಣುವವರೇ ಸುತ್ತಲಿನವರಿಗೆ ಜಾಸ್ತಿ ಹರಡುವವರು. ದೌರ್ಬಲ್ಯವೂ ಅಷ್ಟೇ ದೊಡ್ಡದು. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣು ಇದ್ದರೆ ಮಾತ್ರ ಸ್ಲೈಡಿನಲ್ಲಿ ಕಾಣುತ್ತವೆ. ಮಕ್ಕಳಿಗೆ ಕಫ ತೆಗೆಯಲು ಬರುವುದಿಲ್ಲ. ಎಚ್‌ಐವಿ ಇರುವವರ ಕಫದಲ್ಲಿ ರೋಗಾಣು ಕಡಿಮೆ. ಮೂಳೆಯಲ್ಲೋ ಕುತ್ತಿಗೆಯ ಗಡ್ಡೆಯಲ್ಲೋ ಟಿಬಿ ಇದ್ದರೆ ಕಫ ನೋಡಿ ಪ್ರಯೋಜನವಿಲ್ಲ. ಡಬ್ಬಿಯಲ್ಲಿ ಕಫದ ಬದಲು ಬರೀ ಎಂಜಲು ತಂದುಕೊಡುವವರು ಬೇರೆ. ಇನ್ನು ದಿನವಿಡೀ ಕಣ್ಣು ಕೀಲಿಸಿ ಕೂರುವ ಟೆಕ್ನೀಷಿಯನ್‌ಗೆ ಸಂಜೆಯ ಸ್ಲೈಡು ಬೆಳಗಿನ ಸ್ಲೈಡಿನಷ್ಟು ಸ್ಪಷ್ಟವಾಗಿ ಕಾಣುತ್ತದೆಯೇ? ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಇತ್ತು, ನಿಜ. ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಿತ್ತು.

1997ರಿಂದ ಈ ರಾಷ್ಟ್ರೀಯ ಕಾರ್ಯಕ್ರಮದ ಪರಿಷ್ಕೃತ ರೂಪ ದೇಶಕ್ಕೆಲ್ಲ ಹರಡಿತು. 2006ರ ಹೊತ್ತಿಗೆ ಎಲ್ಲ ಜಿಲ್ಲೆಗಳನ್ನೂ ಮುಟ್ಟಿತು. ಮೂರು ವಾರದ ಕೆಮ್ಮು ಎಂದಿದ್ದದ್ದು 2009ರ ಸುಮಾರಿಗೆ ಎರಡು ವಾರವಾಯಿತು. ಮೂರು ಸಲ ಕೊಡಬೇಕಿದ್ದ ಕಫ ಎರಡು ಸಲಕ್ಕೆ ಇಳಿಯಿತು.

ಆದರೆ ಸರ್ಕಾರಿ ಕೇಂದ್ರದ ಹೊರಗೆ ಬೇರೊಂದು ಲೋಕ ಇತ್ತು. ಖಾಸಗಿ ಕ್ಲಿನಿಕ್‌ಗೆ ಕೆಮ್ಮು ಅಂತ ಹೋದರೆ ಚೀಟಿಯಲ್ಲಿ ಇಎಸ್‌ಆರ್, ಎಕ್ಸ್‌ರೇ, ಮಾಂಟೂ ಬರೆದುಕೊಡುತ್ತಿದ್ದರು. ಇಎಸ್‌ಆರ್ ಅಂದರೆ ಕೊಳವೆಯಲ್ಲಿ ರಕ್ತಕಣಗಳು ಎಷ್ಟು ಬೇಗ ಕೆಳಗಿಳಿಯುತ್ತವೆ ಎಂಬ ಅಳತೆ. ಮೈಯಲ್ಲಿ ಯಾವ ಉರಿಯೂತ ಇದ್ದರೂ ಅದು ಏರುತ್ತದೆ. ರಕ್ತಹೀನತೆಯಲ್ಲೂ ಏರುತ್ತದೆ, ಬಸಿರಿನಲ್ಲೂ ಏರುತ್ತದೆ. ಅದನ್ನೇ ನೆಚ್ಚಿ ಟಿಬಿ ಎನ್ನುವಂತಿಲ್ಲ. ಇದರ ಜೊತೆಗೆ ರಕ್ತದಲ್ಲಿ ಟಿಬಿ ವಿರುದ್ಧದ ಪ್ರತಿಕಾಯ (ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಹುಡುಕುವ ಪರೀಕ್ಷೆಗಳು ಬಂದವು. ಕಫ ಬೇಡ, ಕಾಯುವುದು ಬೇಡ, ಸ್ವಲ್ಪ ರಕ್ತ ಕೊಟ್ಟರೆ ಸಾಕು. ಯಾರಿಗೆ ಬೇಡ ಹೇಳಿ?

ತೊಂದರೆ ಬುಡದಲ್ಲೇ ಇತ್ತು. ಹಿಂದೆ ಎಂದೋ ರೋಗಾಣು ಹೊಕ್ಕವರ ರಕ್ತದಲ್ಲೂ ಪ್ರತಿಕಾಯ ಇರಬಹುದು. ಕಾಯಿಲೆ ಇದ್ದರೂ ಕೆಲವರಲ್ಲಿ ಸಿಗದಿರಬಹುದು. 2011ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆಗಳನ್ನು ಟಿಬಿ ಪತ್ತೆಗೆ ಬಳಸಲೇಬೇಡಿ ಎಂದಿತು. ಟಿಬಿ ಪರೀಕ್ಷೆಯೊಂದನ್ನು ಅದು ಹೀಗೆ ನೇರವಾಗಿ ತಳ್ಳಿಹಾಕಿದ್ದು ಅದೇ ಮೊದಲು. ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಇಂಥ ಪರೀಕ್ಷೆ ನಡೆಯುತ್ತಿವೆ ಎಂದೂ ಅದು ಹೇಳಿತು. ಕಿಟ್‌ಗಳಲ್ಲಿ ಹೆಚ್ಚಿನವು ತಯಾರಾಗುತ್ತಿದ್ದದ್ದು ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ, ಖರ್ಚಾಗುತ್ತಿದ್ದದ್ದು ನಮ್ಮಂಥ ದೇಶಗಳಲ್ಲಿ. 2012ರ ಜೂನ್‌ನಲ್ಲಿ ಭಾರತ ಅವುಗಳ ತಯಾರಿಕೆ, ಮಾರಾಟ, ಬಳಕೆ, ಆಮದು ಎಲ್ಲವನ್ನೂ ನಿಷೇಧಿಸಿತು. ಮಾರುಕಟ್ಟೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಪರೀಕ್ಷೆಯೊಂದಕ್ಕೆ ನಮ್ಮಲ್ಲಿ ಹೀಗೆ ಬೀಗ ಬಿದ್ದದ್ದು ಅಪರೂಪ. ಒಳ್ಳೆಯ ಕೆಲಸ.

ಪರೀಕ್ಷೆ ಸುಮಾರಾಗಿ ಚೆನ್ನಾಗಿದ್ದರೂ ಸಾಲದು ಯಾಕೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಒಂದು ಲಕ್ಷ ಜನರಲ್ಲಿ 316 ಮಂದಿಗೆ ಟಿಬಿ ಇದೆ ಎನ್ನಿ. ನಮ್ಮ ಪರೀಕ್ಷೆ ರೋಗಿಗಳಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಎಲ್ಲರಿಗೂ ಮಾಡಿದರೆ 284 ರೋಗಿಗಳು ಸಿಗುತ್ತಾರೆ. ಜೊತೆಗೆ ಕಾಯಿಲೆಯೇ ಇಲ್ಲದ 4,984 ಮಂದಿಗೂ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ ಹದಿನೆಂಟು ಮಂದಿಯಲ್ಲಿ ನಿಜವಾದ ರೋಗಿ ಹೆಚ್ಚುಕಡಿಮೆ ಒಬ್ಬರೇ. ಅದೇ ಪರೀಕ್ಷೆಯನ್ನು ತಿಂಗಳಿನಿಂದ ಕೆಮ್ಮು, ಸಂಜೆ ಜ್ವರ ಅಂತ ಬಂದ ಸಾವಿರ ಮಂದಿಗೆ ಮಾಡಿ. ಅವರಲ್ಲಿ 100 ಮಂದಿಗೆ ಟಿಬಿ ಇದ್ದರೆ 90 ಮಂದಿ ಸಿಗುತ್ತಾರೆ, ತಪ್ಪು ಪಾಸಿಟಿವ್ 45. ಈಗ ಮೂವರಲ್ಲಿ ಇಬ್ಬರು ನಿಜವಾದ ರೋಗಿಗಳು. ಕಿಟ್ ಅದೇ. ಬದಲಾಗಿದ್ದು ಅದರ ಮುಂದೆ ಕೂತವರು. ಹಾಗಾಗಿ ಮೊದಲು ಜರಡಿ ಹಿಡಿಯಬೇಕು, ಆಮೇಲೆ ಖಚಿತ ಮಾಡುವ ಪರೀಕ್ಷೆ. ಜರಡಿಯಲ್ಲಿ ಉಳಿದವರಿಗೆಲ್ಲ ನೇರವಾಗಿ ಆರು ತಿಂಗಳ ಮಾತ್ರೆ ಬರೆದುಕೊಡುವಂತಿಲ್ಲ.

ಖಚಿತ ಮಾಡುವ ಕೆಲಸಕ್ಕೆ 2010ರ ಡಿಸೆಂಬರ್‌ನಲ್ಲಿ ಒಳ್ಳೆಯ ಸಾಧನ ಸಿಕ್ಕಿತು. ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಸಿಬಿನ್ಯಾಟ್ ಎನ್ನುತ್ತಾರೆ. ಕಫವನ್ನು ಕಾರ್ಟ್ರಿಜ್‌ಗೆ ಹಾಕಿದರೆ ರೋಗಾಣುವಿನ ವಂಶವಾಹಿಯನ್ನೇ ಹುಡುಕಿ ಎರಡು ಗಂಟೆಯೊಳಗೆ ಉತ್ತರ ಕೊಡುತ್ತದೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಕೆಲಸ ಮಾಡುತ್ತದೆಯೇ ಎಂದೂ ಹೇಳುತ್ತದೆ. ಸ್ಲೈಡಿಗೆ ಸಾವಿರಗಟ್ಟಲೆ ರೋಗಾಣು ಬೇಕಾದಲ್ಲಿ ಇದಕ್ಕೆ ಮಿಲಿಲೀಟರ್‌ಗೆ ಸುಮಾರು 130 ಸಾಕು. ಆದರೆ ಏಸಿ ಕೋಣೆ ಬೇಕು, ಕರೆಂಟ್ ಕೈಕೊಡಬಾರದು. ಆ ಕೊರತೆ ತುಂಬಿದ್ದು ಟ್ರೂನ್ಯಾಟ್. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡು ಗೋವಾದ ಮೋಲ್‌ಬಯೋ ಕಂಪನಿ ತಯಾರಿಸುವ ಈ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ. ತಾಲೂಕು ಮಟ್ಟದ ಸಾಮಾನ್ಯ ಲ್ಯಾಬ್‌ನಲ್ಲೂ ಇಡಬಹುದು. 2020ರಲ್ಲಿ ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಕೋವಿಡ್ ಪರೀಕ್ಷೆಗೂ ದುಡಿದಿದ್ದರಿಂದ ಅದರ ಹೆಸರು ಮನೆಮಾತಾಯಿತು.

ಇಷ್ಟೆಲ್ಲ ಆದಮೇಲೆ 2019–21ರಲ್ಲಿ ಮತ್ತೊಂದು ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಐವತ್ತರ ದಶಕದ ನಂತರ ಇಡೀ ದೇಶದಲ್ಲಿ ನಡೆದದ್ದು ಇದೇ ಮೊದಲು. 15 ವರ್ಷ ಮೇಲ್ಪಟ್ಟ ಒಂದು ಲಕ್ಷ ಜನರಲ್ಲಿ 316 ಮಂದಿಗೆ ಶ್ವಾಸಕೋಶದ ಟಿಬಿ. ಮೇಲಿನ ಲೆಕ್ಕದ ಸಂಖ್ಯೆ ಇದೇ. ಅದಕ್ಕಿಂತ ದೊಡ್ಡ ಸುದ್ದಿ ಎಂದರೆ, ಸಿಕ್ಕ ರೋಗಿಗಳಲ್ಲಿ 42.6 ಶೇಕಡಾ ಮಂದಿ ಎಕ್ಸ್‌ರೇ ತೆಗೆಯದಿದ್ದರೆ ಸಿಗುತ್ತಲೇ ಇರಲಿಲ್ಲ. ಕೆಮ್ಮು ಇದೆಯಾ ಎಂಬ ಪ್ರಶ್ನೆಗೆ ಅವರ ಉತ್ತರ ಇಲ್ಲ ಎಂದೇ. ಲಕ್ಷಣ ಇದ್ದವರಲ್ಲೂ ಸುಮಾರು 64 ಶೇಕಡಾ ಮಂದಿ ಎಲ್ಲೂ ತೋರಿಸಿಕೊಂಡಿರಲಿಲ್ಲ.

ತುಮಕೂರಿನ ಅಧ್ಯಯನ ತಪ್ಪಾಗಿತ್ತು ಎಂದು ಇದರ ಅರ್ಥವಲ್ಲ. ಅಂದು ಬಾಗಿಲಿಗೆ ಬಂದವರನ್ನೇ ಬಿಟ್ಟುಬಿಡುತ್ತಿದ್ದರು, ಮೊದಲು ಅದು ನಿಲ್ಲಬೇಕಿತ್ತು. ಇಂದು ಬಾಗಿಲಿಗೆ ಬಾರದವರ ಪಾಲು ಎದ್ದು ಕಾಣುತ್ತಿದೆ. ಹಾಗಾಗಿ 1974ರಲ್ಲಿ ಮೂಲೆ ಸೇರಿದ ಎಕ್ಸ್‌ರೇ ಮತ್ತೆ ಊರಿಗೆ ಬಂದಿದೆ. ಈ ಸಲ ಕೈಯಲ್ಲಿ ಹಿಡಿಯುವ ಯಂತ್ರವಾಗಿ. 2024ರ ಡಿಸೆಂಬರ್ 7ರಂದು 347 ಜಿಲ್ಲೆಗಳಲ್ಲಿ ಶುರುವಾದ ನೂರು ದಿನದ ಅಭಿಯಾನದಲ್ಲಿ ಇಂಥ ಯಂತ್ರಗಳೂ, ಚಿತ್ರ ಓದುವ ಎಐ ತಂತ್ರಾಂಶವೂ ಬಳಕೆಯಾದವು. ಮಾಂಟೂ ಟೆಸ್ಟ್‌ಗೂ ಹೊಸ ರೂಪ ಬಂದಿದೆ. ಸಿ-ವೈ ಟಿಬಿ ಎಂಬ ಚರ್ಮದ ಪರೀಕ್ಷೆ, ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲಿ ಮಾಂಟೂನಂತೆ ಗೊಂದಲ ಮಾಡುವುದಿಲ್ಲ. ರೋಗಿಯ ಮನೆಯವರಲ್ಲಿ ಯಾರಿಗೆ ಮುಂಜಾಗ್ರತೆಯ ಮಾತ್ರೆ ಬೇಕು ಎಂದು ತಿಳಿಯಲು ಅದು ಉಪಯೋಗ. ಕಾಯಿಲೆ ಇದೆಯೇ ಎಂದು ಅದೂ ಹೇಳಲಾರದು.

ಒಂದೇ ಫಿಲ್ಮಿಗೆ ಎರಡು ಉತ್ತರ ಬರುತ್ತಿದ್ದ ಹಳೆಯ ತೊಂದರೆಯನ್ನು ಎಐ ಒಂದು ಮಟ್ಟಿಗೆ ಬಗೆಹರಿಸಿದೆ. ಟಿಬಿ ಇರುವ ಸಾಧ್ಯತೆ ಎಷ್ಟು ಎಂದು ಅದು ಚಿತ್ರಕ್ಕೆ ಅಂಕ ಕೊಡುತ್ತದೆ, ಅದೇ ಚಿತ್ರಕ್ಕೆ ಪ್ರತಿ ಸಲವೂ ಅದೇ ಅಂಕ. ಆದರೆ ಎಷ್ಟು ಅಂಕ ದಾಟಿದವರನ್ನು ಕಫ ಪರೀಕ್ಷೆಗೆ ಕಳಿಸಬೇಕು ಎಂಬುದನ್ನು ಮನುಷ್ಯರೇ ಗೊತ್ತು ಮಾಡಬೇಕು. ಗೆರೆಯನ್ನು ಕೆಳಗಿಟ್ಟರೆ ಹಳೆಯ ಗಾಯದ ಕಲೆ ಇರುವವರೆಲ್ಲ ಸಾಲಿನಲ್ಲಿ ನಿಲ್ಲುತ್ತಾರೆ, ಪ್ರತಿ ಪರೀಕ್ಷೆಗೂ ಬೇಕಾಗುವ ಟ್ರೂನ್ಯಾಟ್ ಚಿಪ್ ಬೇಗ ಖಾಲಿಯಾಗುತ್ತದೆ. ಮೇಲಿಟ್ಟರೆ ಚಿಪ್ ಉಳಿಯುತ್ತದೆ, ಕೆಲವು ರೋಗಿಗಳು ಸಾಲಿನಿಂದ ಹೊರಗುಳಿಯುತ್ತಾರೆ. ಎಲ್ಲ ಊರಿಗೂ ಒಂದೇ ಗೆರೆ ಹೊಂದುವುದಿಲ್ಲ, ಆಯಾ ಜಾಗದಲ್ಲಿ ಪರೀಕ್ಷಿಸಿ ಗೊತ್ತು ಮಾಡಿಕೊಳ್ಳಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಅರವತ್ತರ ದಶಕದಲ್ಲಿ ತುಮಕೂರಿನಲ್ಲಿ ಮಾಡಿದಂಥ ಲೆಕ್ಕವನ್ನು ಈಗ ಒಂದೊಂದು ಜಿಲ್ಲೆಯೂ ತನಗಾಗಿ ಮಾಡಬೇಕು. ಅದಕ್ಕೆ ಎಕ್ಸ್‌ರೇ ಯಂತ್ರ ಕೊಟ್ಟರೆ ಮುಗಿಯಲಿಲ್ಲ, ಅಂಕ ಕಡಿಮೆ ಬಂದ ಒಂದಷ್ಟು ಮಂದಿಯ ಕಫವನ್ನೂ ಪರೀಕ್ಷಿಸಿ ನೋಡುವಷ್ಟು ಚಿಪ್, ಕೆಲಸದವರು, ದುಡ್ಡು ಬೇಕಾಗುತ್ತದೆ.